ಮತಗಟ್ಟೆಯ ಕಾವಲುಗಾರರು ಯಾರು?

2024ರ ಮೇ ತಿಂಗಳ ಆರಂಭದಲ್ಲಿ, ಲೋಕಸಭಾ ಚುನಾವಣೆಯ ಮೂರನೆಯ ಹಂತದ ಮತದಾನದ ಸಂದರ್ಭದಲ್ಲಿ, ಭಾರತದ ಚುನಾವಣಾ ಆಯೋಗದ ಆಹ್ವಾನವನ್ನು ಮನ್ನಿಸಿ 23 ದೇಶಗಳಿಂದ 75 ಮಂದಿ ಪ್ರತಿನಿಧಿಗಳು ನಮ್ಮ ದೇಶಕ್ಕೆ ಬಂದಿದ್ದರು. ಅವರು ತಂಡಗಳಾಗಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಿಗೆ ತೆರಳಿ ಚುನಾವಣೆಯ ಕಾರ್ಯವನ್ನು ಕಣ್ಣಾರೆ ಕಂಡರು. ನಮ್ಮ ರಾಜ್ಯದಲ್ಲಿ ಅವರು ಭೇಟಿ ನೀಡಿದ್ದು ಬೆಳಗಾವಿಗೆ. ನಮ್ಮ ಚಿತ್ರದುರ್ಗ ಕ್ಷೇತ್ರದ ಮತದಾನವು ಏಪ್ರಿಲ್ 26ರಂದೇ ಮುಗಿದುಹೋಗಿತ್ತು.

ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಹಿರಿಯರೊಬ್ಬರು ಭಾನುವಾರದ ಬಲಿಪೂಜೆಯ ನಂತರ ನಮ್ಮ ಬಳಿ ಬಂದು, "ಸ್ವಾಮಿ, ನಮ್ಮ ಮನೆಯ ಮದುವೆಯನ್ನು ಪರವೂರಿನವರು ನೋಡಿ ಸರಿಯಾಯಿತೆಂದು ಹೇಳಬೇಕೇ? ನಮ್ಮ ಮಾತು ಸಾಲದೇ?" ಎಂದು ಕೇಳಿದರು. ಅವರ ಮಾತಿನಲ್ಲಿದ್ದ ಸ್ವಾಭಿಮಾನವನ್ನು ನಾವು ಗೌರವಿಸುತ್ತೇವೆ. ಆದರೆ ಅವರು ಎತ್ತಿಕೊಂಡ ಮದುವೆಯ ಉದಾಹರಣೆಯಲ್ಲಿಯೇ ಅವರ ಪ್ರಶ್ನೆಗೆ ಅರ್ಧ ಉತ್ತರವಿದೆ. ಉಳಿದರ್ಧವನ್ನು ನಾವು ನಮ್ಮ ಮನೆಗಳಲ್ಲಿಯೇ ಹುಡುಕಬೇಕಾಗಿದೆ.

ಸಾಕ್ಷಿಯ ಕೆಲಸ

ಧರ್ಮಸಭೆಯ ನಿಯಮದಂತೆ ವಿವಾಹ ಸಂಸ್ಕಾರಕ್ಕೆ ಗುರುಗಳಲ್ಲದೆ ಇಬ್ಬರು ಸಾಕ್ಷಿಗಳು ಹಾಜರಿರಬೇಕು. ಮದುವೆಯನ್ನು ಮಾಡುವುದು ಸಾಕ್ಷಿಗಳಲ್ಲ, ವಧೂವರರ ಸ್ವತಂತ್ರವಾದ ಸಮ್ಮತಿ. ಆದರೆ ಆ ಸಮ್ಮತಿಯನ್ನು ಎಲ್ಲರ ಮುಂದೆ ಕೊಡಲಾಯಿತೆಂದು ನಾಳೆ ಹೇಳಬಲ್ಲವರು ಸಾಕ್ಷಿಗಳು. ಅವರು ಮಂತ್ರ ಹೇಳುವುದಿಲ್ಲ, ಉಂಗುರ ತೊಡಿಸುವುದಿಲ್ಲ; ನೋಡುತ್ತಾರೆ, ಕೇಳುತ್ತಾರೆ, ದಾಖಲೆ ಪುಸ್ತಕದಲ್ಲಿ ರುಜು ಹಾಕುತ್ತಾರೆ.

ಚುನಾವಣೆಯೂ ಒಂದು ಸಮ್ಮತಿಯೇ. ತನ್ನನ್ನು ಆಳುವವರು ಯಾರೆಂಬುದಕ್ಕೆ ಒಂದು ಜನಸಮುದಾಯ ಕೊಡುವ ಸಮ್ಮತಿ ಅದು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 21ನೆಯ ವಿಧಿಯು ಸರ್ಕಾರದ ಅಧಿಕಾರಕ್ಕೆ ಜನರ ಇಚ್ಛೆಯೇ ಆಧಾರವೆಂದು ಸಾರಿತು. ಆ ಇಚ್ಛೆಯು ಕಾಲಕಾಲಕ್ಕೆ ನಡೆಯುವ, ಗುಪ್ತ ಮತದಾನದ, ಪ್ರಾಮಾಣಿಕವಾದ ಚುನಾವಣೆಗಳಲ್ಲಿ ವ್ಯಕ್ತವಾಗಬೇಕೆಂದು ವಿಧಿಸಿತು. ಹಾಗಾದರೆ ಅದು ಪ್ರಾಮಾಣಿಕವಾಗಿತ್ತೆಂದು ಹೇಳುವವರು ಯಾರು? ಗೆದ್ದವನು ಹೇಳಿದರೆ ಸೋತವನು ಒಪ್ಪುವುದಿಲ್ಲ. ಸೋತವನು ದೂರಿದರೆ ಗೆದ್ದವನು ಲೆಕ್ಕಿಸುವುದಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ಹಳೆಯ ನ್ಯಾಯಸೂತ್ರದಿಂದಲೇ ವೀಕ್ಷಕನ ಹುದ್ದೆ ಹುಟ್ಟಿತು.

ಅಂತರರಾಷ್ಟ್ರೀಯ ವೀಕ್ಷಣೆಗೆ ಸ್ಪಷ್ಟವಾದ ನಿಯಮಗಳಿವೆ. 2005ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯಲ್ಲಿ ಇದಕ್ಕಾಗಿಯೇ ತತ್ತ್ವಗಳ ಘೋಷಣೆಯೊಂದು ಪ್ರಕಟವಾಯಿತು. ವೀಕ್ಷಕರು ಆ ದೇಶದ ಆಹ್ವಾನವಿಲ್ಲದೆ ಹೋಗಬಾರದು, ಯಾವ ಪಕ್ಷಕ್ಕೂ ವಾಲಬಾರದು, ಚುನಾವಣೆಯ ಕಾರ್ಯದಲ್ಲಿ ಕೈಹಾಕಬಾರದು, ಕಂಡದ್ದನ್ನು ಬಹಿರಂಗವಾಗಿ ಹೇಳಬೇಕು ಎಂಬುದು ಅದರ ಸಾರ. ಕೆಲವರು ಮತದಾನಕ್ಕೆ ವಾರಗಳ ಮೊದಲೇ ಹೋಗಿ ಮತದಾರರ ಪಟ್ಟಿ, ಪ್ರಚಾರ, ಪತ್ರಿಕೆಗಳ ಸ್ವಾತಂತ್ರ್ಯ ಮುಂತಾದವನ್ನು ಗಮನಿಸುತ್ತಾರೆ. ಇನ್ನು ಕೆಲವರು ಮತದಾನದ ದಿನದ ಆಸುಪಾಸಿನಲ್ಲಿ ಮಾತ್ರ ಇರುತ್ತಾರೆ. ಬೆಳಗಾವಿಗೆ ಬಂದವರು ಇಂಥ ತೀರ್ಪು ಕೊಡಲು ಬಂದವರಲ್ಲ. ನಮ್ಮ ಆಯೋಗ ಕರೆದ ಅತಿಥಿಗಳು, ನೋಡಿ ಕಲಿಯಲು ಬಂದವರು. ಹೊರಗಿನ ಕಣ್ಣು ನಮಗೆ ಹೊಸದೂ ಅಲ್ಲ. ನಮ್ಮ ಪ್ರತಿ ಚುನಾವಣೆಗೂ ಆಯೋಗವು ಹೊರರಾಜ್ಯಗಳ ಹಿರಿಯ ಅಧಿಕಾರಿಗಳನ್ನು ವೀಕ್ಷಕರನ್ನಾಗಿ ಕಳುಹಿಸುತ್ತದೆ. ಊರಿನ ನಂಟು ಇಲ್ಲದವನಿಗೆ ಊರಿನ ಹಂಗೂ ಇರುವುದಿಲ್ಲವೆಂಬುದೇ ಅದರ ತರ್ಕ.

ಕೊಟ್ಟವರಲ್ಲಿ ನಾವೂ ಇದ್ದೇವೆ

ಪ್ರಜಾಪ್ರಭುತ್ವದ ಪಾಠವನ್ನು ಪಶ್ಚಿಮದವರು ಹೇಳುವುದು, ನಾವು ಕೈಕಟ್ಟಿ ಕೇಳುವುದು ಎಂಬ ಭಾವನೆಯೊಂದು ನಮ್ಮಲ್ಲಿದೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. 1951-52ರ ನಮ್ಮ ಮೊದಲ ಮಹಾಚುನಾವಣೆಯನ್ನು ನಡೆಸಿದ ಸುಕುಮಾರ್ ಸೇನ್ ಅವರನ್ನೇ 1953ರಲ್ಲಿ ಸೂಡಾನ್ ದೇಶದ ಮೊದಲ ಸಂಸದೀಯ ಚುನಾವಣೆಯ ಅಂತರರಾಷ್ಟ್ರೀಯ ಆಯೋಗಕ್ಕೆ ಅಧ್ಯಕ್ಷರನ್ನಾಗಿ ಕರೆಸಿಕೊಳ್ಳಲಾಯಿತು. ಓದು ಬರಹ ಬಾರದ ಕೋಟ್ಯಂತರ ಜನರಿಂದ ಮತ ಹಾಕಿಸಿದ ಅನುಭವ ಅಂದು ಭಾರತಕ್ಕಿತ್ತು.

ಕರ್ನಾಟಕದ ಪಾಲೂ ಸಣ್ಣದಲ್ಲ. ಮೈಸೂರಿನಲ್ಲಿ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಆರಂಭವಾಯಿತು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಆ ಸರ್ಕಾರಿ ಸಂಸ್ಥೆಯೇ 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತಾ ಬಂದಿದೆ. ಅದೇ ಶಾಯಿ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಅನೇಕ ದೇಶಗಳಿಗೂ ಹೋಗಿದೆ. ನಮೀಬಿಯಾ ದೇಶವನ್ನು ನೋಡಿರಿ. 1989ರ ನವೆಂಬರ್‌ನಲ್ಲಿ ಅಲ್ಲಿನ ಜನ ಸ್ವಾತಂತ್ರ್ಯದ ಹೊಸ್ತಿಲಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಮತ ಹಾಕಿದರು. ಆ ಕಾರ್ಯಾಚರಣೆಯ ಸೇನಾ ವಿಭಾಗದ ಮುಖ್ಯಸ್ಥರು ಭಾರತದ ಲೆಫ್ಟಿನೆಂಟ್ ಜನರಲ್ ಪ್ರೇಮ್ ಚಂದ್. 2014ರಲ್ಲಿ ಅದೇ ದೇಶ ವಿದ್ಯುನ್ಮಾನ ಮತಯಂತ್ರಗಳಿಂದ ಚುನಾವಣೆ ನಡೆಸಿದಾಗ ಬಳಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಯಂತ್ರಗಳನ್ನು. ಹೀಗೆ ನೆರೆಯವನ ಮದುವೆಗೆ ಚಪ್ಪರದ ಕಂಬ ಕೊಟ್ಟವರು, ನೆರೆಯವನು ನಮ್ಮ ಚಪ್ಪರಕ್ಕೆ ಬಂದರೆ ಮುನಿಸಿಕೊಳ್ಳಬೇಕಾಗಿಲ್ಲ.

ತುರುವನೂರಿನ ಈಚಲು ಮರಗಳು

ಇನ್ನೂ ಹತ್ತಿರಕ್ಕೆ ಬರೋಣ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿಗೆ ಪ್ರಜಾಪ್ರಭುತ್ವವನ್ನು ಯಾವ ವಿದೇಶಿ ನಿಯೋಗವೂ ತಂದುಕೊಡಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಷ್ಟು ಹಿಂದೆಯೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿತ್ತು. ಆದರೆ ಅದು ಅಹವಾಲು ಹೇಳಿಕೊಳ್ಳುವ ಸಭೆ. ಸರ್ಕಾರವನ್ನು ಕೆಳಗಿಳಿಸುವ ಅಧಿಕಾರ ಅದಕ್ಕಿರಲಿಲ್ಲ. ಜನರಿಗೆ ಉತ್ತರ ಹೇಳಬೇಕಾದ ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಮೊಳಗಿತು. ಅದೇ ವರ್ಷದ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡಿಗೆ ಜನ ಬಲಿಯಾದರು.

1939ರಲ್ಲಿ ಆ ಹೋರಾಟದ ಒಂದು ಅಧ್ಯಾಯ ತುರುವನೂರಿನಲ್ಲಿ ನಡೆಯಿತು. ಸತ್ಯಾಗ್ರಹಿಗಳು ಹೆಂಡ ಇಳಿಸುವ ಈಚಲು ಮರಗಳನ್ನು ಕಡಿದುಹಾಕಿದರು. ಸಾರ್ವಜನಿಕರ ಕಣ್ಣೆದುರಿಗೇ, ಶಿಕ್ಷೆಯಾಗುವುದೆಂದು ತಿಳಿದೇ ಕಡಿದರು. ಹೆಂಗಸರೂ ಈ ಸತ್ಯಾಗ್ರಹದಲ್ಲಿ ಪಾಲುಗೊಂಡರು. ಅಂದು ಚಿತ್ರದುರ್ಗದಲ್ಲಿ ವಕೀಲರಾಗಿದ್ದು, ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಈ ಹೋರಾಟದ ಕಾರಣಕ್ಕೆ ಸೆರೆಮನೆ ಸೇರಿದರು.

ಅವರು ಕಡಿದದ್ದು ಏಕೆ ಈಚಲು ಮರವನ್ನೇ ಎಂಬುದು ಚಿಂತಿಸತಕ್ಕ ವಿಷಯ. ಹೆಂಡವು ಬಡವನ ಮನೆಯನ್ನು ಬರಿದು ಮಾಡುತ್ತಿತ್ತು. ಅದರ ಗುತ್ತಿಗೆಯ ಹಣ ಸರ್ಕಾರದ ಬೊಕ್ಕಸವನ್ನು ತುಂಬುತ್ತಿತ್ತು. ಪ್ರಜೆಯ ಅಮಲು ಪ್ರಭುತ್ವದ ಆದಾಯವಾದಲ್ಲಿ ಸ್ವಾತಂತ್ರ್ಯವಿಲ್ಲವೆಂದು ಅಕ್ಷರ ಬಾರದವರೂ ಅರಿತಿದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೆ ಮತ್ತೆ ಬರುತ್ತೇವೆ.

ಪಡೆದ ಸ್ವಾತಂತ್ರ್ಯವನ್ನು ಒಮ್ಮೆ ಕಳೆದುಕೊಂಡು ಮರಳಿ ಪಡೆದ ಅನುಭವವೂ ನಮ್ಮದೇ. 1975ರ ಜೂನ್‌ನಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ, ನಮ್ಮ ಮಂಗಳೂರಿನ ಕಥೋಲಿಕ ಮನೆತನವೊಂದರ ಮಗ ಲಾರೆನ್ಸ್ ಫರ್ನಾಂಡಿಸ್ ಅವರನ್ನು, ಅಣ್ಣ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಹೇಳಿಸುವ ಸಲುವಾಗಿ, 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆಗೆ ಗುರಿಪಡಿಸಿದರು. ಅದೇ ತಿಂಗಳು ಬಂಧನಕ್ಕೊಳಗಾದ ನಟಿ ಸ್ನೇಹಲತಾ ರೆಡ್ಡಿ, ಉಬ್ಬಸದ ರೋಗಿ, ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಯೌವನದಲ್ಲಿ ಬೆಂಗಳೂರಿನ ಗುರುಮಠದಲ್ಲಿ ಗುರುದೀಕ್ಷೆಗಾಗಿ ಓದಿದ್ದ ಜಾರ್ಜ್ ಫರ್ನಾಂಡಿಸ್, ಅದೇ ವರ್ಷದ ಮಾರ್ಚ್‌ನಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಲೋಕಸಭೆಗೆ ಆರಿಸಿಬಂದರು. ಕರ್ನಾಟಕದಲ್ಲಿ ಅಂದು ಆಡಳಿತ ಪಕ್ಷಕ್ಕೇ ಹೆಚ್ಚು ಸ್ಥಾನಗಳು ದೊರೆತವು. ದೇಶದಲ್ಲಿ ಅದು ಸೋತಿತು. ಎರಡು ತೀರ್ಪನ್ನೂ ಎಲ್ಲರೂ ಒಪ್ಪಿದರು. ಮತಪೆಟ್ಟಿಗೆ ಹಾಗೂ ಮಾನವ ಹಕ್ಕುಗಳು ಒಂದೇ ಬೇರಿನ ಎರಡು ಕೊಂಬೆಗಳೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ನಮಗೆ ಬೇಡ.

ಹೊರಗಿನ ಕಣ್ಣಿಗೆ ಕಾಣದ್ದು

ಹೊರಗಿನ ಸಾಕ್ಷಿಯ ಕಣ್ಣಿಗೂ ಒಂದು ಮಿತಿಯುಂಟು. 2017ರ ಆಗಸ್ಟ್ 8ರಂದು ಕೀನ್ಯಾ ದೇಶದಲ್ಲಿ ಅಧ್ಯಕ್ಷ ಚುನಾವಣೆ ನಡೆಯಿತು. ಬಂದಿದ್ದ ಅಂತರರಾಷ್ಟ್ರೀಯ ವೀಕ್ಷಕರಲ್ಲಿ ದೊಡ್ಡ ಹೆಸರುಗಳಿದ್ದವು. ಮತದಾನ ಶಾಂತವಾಗಿತ್ತು, ವ್ಯವಸ್ಥಿತವಾಗಿತ್ತು ಎಂದು ಅವರು ಮೆಚ್ಚುಗೆಯ ಮಾತನಾಡಿದರು. ಸೆಪ್ಟೆಂಬರ್ 1ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವೇ ಆ ಚುನಾವಣೆಯನ್ನು ರದ್ದುಗೊಳಿಸಿತು. ಮತಗಟ್ಟೆಗಳಿಂದ ಫಲಿತಾಂಶವನ್ನು ರವಾನಿಸಿದ ಕ್ರಮದಲ್ಲಿ ದೋಷಗಳಿದ್ದವು. ವೀಕ್ಷಕರು ಸರತಿಯ ಸಾಲನ್ನು ಕಂಡಿದ್ದರು. ಸಾಲು ಕರಗಿದ ಮೇಲೆ ನಡೆದದ್ದನ್ನು ಕಂಡಿರಲಿಲ್ಲ.

ಇದಕ್ಕೆ ಎದುರಾಗಿ ಫಿಲಿಪ್ಪೀನ್ಸ್ ದೇಶವನ್ನು ಇಡೋಣ. 1986ರ ಫೆಬ್ರವರಿ 7ರ ಚುನಾವಣೆಗೂ ವಿದೇಶಿ ವೀಕ್ಷಕರು ಬಂದಿದ್ದರು. ಆದರೆ ಮತಪೆಟ್ಟಿಗೆಗಳನ್ನು ಕಾದವರು ಆ ನೆಲದ ಸಾವಿರಾರು ಸ್ವಯಂಸೇವಕರು. ಅವರಲ್ಲಿ ಧರ್ಮಭಗಿನಿಯರೂ ಇದ್ದರು. ಎಣಿಕೆಯಲ್ಲಿ ಮೋಸವಾಗುತ್ತಿದೆಯೆಂದು ಕಂಡ ಕಂಪ್ಯೂಟರ್ ನಿರ್ವಾಹಕರು ಕೆಲಸ ಬಿಟ್ಟು ಹೊರನಡೆದರು. ಫೆಬ್ರವರಿ 13ರಂದು ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿ ಚುನಾವಣೆಯ ವಂಚನೆಯನ್ನು ಬಹಿರಂಗವಾಗಿ ಖಂಡಿಸಿತು. ತಿಂಗಳು ಮುಗಿಯುವ ಮೊದಲೇ ಜಪಸರ ಹಿಡಿದು ಬೀದಿಗಿಳಿದ ಜನರ ಮುಂದೆ ಸರ್ವಾಧಿಕಾರಿ ದೇಶ ಬಿಟ್ಟು ಹೋದ. ಆಫ್ರಿಕಾದ ಕಾಂಗೋ ಪ್ರಜಾತಾಂತ್ರಿಕ ಗಣರಾಜ್ಯದಲ್ಲಿ 2018ರ ಡಿಸೆಂಬರ್ 30ರ ಚುನಾವಣೆಗೆ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಸುಮಾರು 40,000 ವೀಕ್ಷಕರನ್ನು ನಿಯೋಜಿಸಿತು. ಅಧಿಕೃತ ಫಲಿತಾಂಶ ತಮ್ಮ ವೀಕ್ಷಕರು ಸಂಗ್ರಹಿಸಿದ ಅಂಕಿಗಳಿಗೆ ಹೊಂದುವುದಿಲ್ಲವೆಂದು ಮಂಡಳಿ ಹೇಳಿತು. ಅಲ್ಲಿ ಆ ಮಾತು ಗೆಲ್ಲಲಿಲ್ಲ. ಗೆಲ್ಲಲಿಲ್ಲವೆಂದು ಅದು ಸುಳ್ಳಾಗಲಿಲ್ಲ, ದಾಖಲೆಯಲ್ಲಿ ಉಳಿಯಿತು.

ಈ ಉದಾಹರಣೆಗಳಿಂದ ತಿಳಿಯುವುದಿಷ್ಟು. ಹೊರಗಿನ ವೀಕ್ಷಕ ಬೇಕು. ಆದರೆ ಅವನು ಸಾಲದು. ಮದುವೆಯ ಸಾಕ್ಷಿಗೆ ಕೇಳಿಸುವುದು ಬಲಿಪೀಠದ ಮುಂದೆ ಆಡಿದ ಮಾತು ಮಾತ್ರ. ಹಿಂದಿನ ರಾತ್ರಿ ಒಳಕೋಣೆಯಲ್ಲಿ ಹುಡುಗಿಯನ್ನು ಹೆದರಿಸಿ ಒಪ್ಪಿಸಿದ್ದರೆ ಅದು ಅವನಿಗೆ ತಿಳಿಯದು. ಅದನ್ನು ಬಲ್ಲವರು ಮನೆಯವರು.

ಹಿಂದಿನ ರಾತ್ರಿ

ನಮ್ಮ ಚುನಾವಣೆಗಳಿಗೂ ಒಂದು ಹಿಂದಿನ ರಾತ್ರಿ ಇದೆ. ಅದನ್ನು ನಾವೆಲ್ಲ ಬಲ್ಲೆವು. ಕಾನೂನಿನಂತೆ ಮತದಾನ ಮುಗಿಯುವ 48 ಗಂಟೆಗಳ ಮೊದಲೇ ಮದ್ಯದ ಅಂಗಡಿಗಳು ಮುಚ್ಚುತ್ತವೆ. ಆದರೆ ಬಾಟಲಿಗಳು ಅದಕ್ಕೂ ಮೊದಲೇ ಊರು ಸೇರಿರುತ್ತವೆ. ಮನೆಯ ಮತಗಳನ್ನು ಎಣಿಸಿ ನೋಟುಗಳನ್ನು ಎಣಿಸುತ್ತಾರೆ. ಸೀರೆ, ಕುಕ್ಕರ್, ದೇವರ ಪಟ, ಕೊನೆಗೆ ದೇವರ ಮೇಲಿನ ಆಣೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯ ಕಾಲದಲ್ಲಿ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಇವನ್ನು ಕಾಣಲು 23 ದೇಶಗಳ ಪ್ರತಿನಿಧಿಗಳಿಗೆ ಸಾಧ್ಯವಿಲ್ಲ. ನಮಗೆ ಸಾಧ್ಯ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಜರ್ಮನಿಯ ಕಾಂಟ್ ಎಂಬ ದಾರ್ಶನಿಕನ ವಿಚಾರವೊಂದನ್ನು ನಮಗೆ ಕಲಿಸಿದರು. ಲೋಕದ ವಸ್ತುಗಳಿಗೆ ಬೆಲೆ ಇರುತ್ತದೆ. ಬೆಲೆ ಇರುವುದಕ್ಕೆ ಬದಲಾಗಿ ಇನ್ನೊಂದನ್ನು ಕೊಡಬಹುದು. ಮನುಷ್ಯನಿಗೆ ಬೆಲೆಯಿಲ್ಲ, ಘನತೆಯಿದೆ. ಅದಕ್ಕೆ ಬದಲಾಗಿ ಕೊಡುವಂಥದ್ದು ಯಾವುದೂ ಇಲ್ಲ. ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಮನುಷ್ಯನೆಂದು ನಂಬುವ ನಮಗೆ ಇದು ಹೊಸ ಮಾತಲ್ಲ. ಮತವು ಆ ಘನತೆಯ ಗುರುತು. ಶ್ರೀಮಂತನಿಗೂ ಒಂದು, ಕೂಲಿಯವನಿಗೂ ಒಂದು. ವರ್ಷದಲ್ಲಿ ಒಂದು ದಿನವಾದರೂ ಇಬ್ಬರೂ ಸಮಾನರಾಗಿ ನಿಲ್ಲುವ ಸ್ಥಳವಿದ್ದರೆ ಅದು ಬಲಿಪೀಠದ ಮುಂದೆ; ಅದನ್ನು ಬಿಟ್ಟರೆ ಮತಗಟ್ಟೆಯ ಸಾಲಿನಲ್ಲಿ. ಆ ಗುರುತಿಗೆ ಬೆಲೆ ಕಟ್ಟಿದ ಮರುಕ್ಷಣವೇ ಅದು ಸಂತೆಯ ಸರಕಾಗುತ್ತದೆ. ಕೊಂಡವನು ಐದು ವರ್ಷ ನಮಗೆ ಲೆಕ್ಕ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲವೆಂದು ಅವನು ತಿಳಿಯುತ್ತಾನೆ; ಅವನ ಲೆಕ್ಕ ಅಂದೇ ಚುಕ್ತಾ ಆಗಿರುತ್ತದೆ.

1947ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವ ಹಕ್ಕುಗಳ ಬಗ್ಗೆ ಲೋಕದ ಚಿಂತಕರ ಅಭಿಪ್ರಾಯ ಕೇಳಿದಾಗ, ಕಥೋಲಿಕ ದಾರ್ಶನಿಕ ಜಾಕ್ ಮಾರಿತೇನ್ ಅವರಂತೆ ಗಾಂಧೀಜಿಯವರಿಗೂ ಕೋರಿಕೆ ಹೋಗಿತ್ತು. ಕರ್ತವ್ಯವನ್ನು ಸರಿಯಾಗಿ ನೆರವೇರಿಸುವುದರಿಂದಲೇ ಹಕ್ಕು ಹುಟ್ಟುತ್ತದೆಂದು ಅಕ್ಷರ ಬಾರದ ತಮ್ಮ ತಾಯಿಯಿಂದ ಕಲಿತೆನೆಂದು ಗಾಂಧೀಜಿ ಉತ್ತರ ಬರೆದರು. 1963ರಲ್ಲಿ ಪೋಪ್ 23ನೆಯ ಜಾನ್ ಅವರು ಶಾಂತಿಯ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿಯೂ ಹಕ್ಕು ಮತ್ತು ಕರ್ತವ್ಯಗಳನ್ನು ಬೇರ್ಪಡಿಸಲಾಗದ ಜೋಡಿಯಾಗಿ ಕಂಡರು. ವಿಶ್ವಸಂಸ್ಥೆಯ ಘೋಷಣೆಯನ್ನೂ ಅವರು ಮೆಚ್ಚಿ ಬರೆದರು.

ನಮ್ಮ ಕುರ್ಚಿಗಳು

ಇಷ್ಟನ್ನು ಬರೆದ ಮೇಲೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದುವರಿಯುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದ ಸಭಾಭವನಕ್ಕೆ ಕುರ್ಚಿಗಳಿರಲಿಲ್ಲ. ಚುನಾವಣೆಗೆ ಮೂರು ವಾರಗಳಿರುವಾಗ ಅಭ್ಯರ್ಥಿಯೊಬ್ಬರ ಕಡೆಯವರು ಟೆಂಪೋದಲ್ಲಿ ನೂರು ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಇಳಿಸಿದರು. ಏನನ್ನೂ ಕೇಳಲಿಲ್ಲ, ಕೈಮುಗಿದು ಹೋದರು. ನಾವು ಆ ಭಾನುವಾರ ಪ್ರಕಟಣೆಗಳ ಸಮಯದಲ್ಲಿ ದಾನಿಗಳ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದೆವು. ಜನರು ಚಪ್ಪಾಳೆ ತಟ್ಟಿದರು. ಮತದಾನಕ್ಕೆ ಮುಂಚಿನ ಭಾನುವಾರ ಅದೇ ಸ್ಥಳದಲ್ಲಿ ನಿಂತು, ಮತವನ್ನು ಮಾರಿಕೊಳ್ಳಬೇಡಿರೆಂದು ಗಟ್ಟಿಯಾಗಿಯೇ ಪ್ರಬೋಧನೆ ಮಾಡಿದೆವು.

ಪೂಜೆಯ ನಂತರ, ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ವಿಧವೆಯೊಬ್ಬರು ಬಾಗಿಲ ಬಳಿ ಕಾದಿದ್ದರು. "ಸ್ವಾಮಿ, ಒಂದು ಮಾತು ಕೇಳಲೇ? ಗುಡಿಗೆ ಬಂದ ಕುರ್ಚಿ ದಾನ ಅಂತೀರಿ. ನನ್ನ ಮನೆಗೆ ಬಂದ ಸೀರೆ ಪಾಪ ಅಂತೀರಿ. ನನಗೆ ಬಿಡಿಸಿ ಹೇಳಿ" ಎಂದರು. ಅವರ ಧ್ವನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬಯಸಿದ್ದರು. ನಾವು ತರ್ಕಶಾಸ್ತ್ರವನ್ನು ಓದಿದವರು; ಭೇದಗಳನ್ನು ಕಲ್ಪಿಸುವುದು ನಮಗೆ ಕಷ್ಟವಲ್ಲ. ಅಂದು ಒಂದು ಭೇದವೂ ಹೊಳೆಯಲಿಲ್ಲ. "ಅಮ್ಮಾ, ತಪ್ಪು ನಮ್ಮದು" ಎಂದಷ್ಟೇ ಹೇಳಿದೆವು. ಅದನ್ನು ಅವರೊಬ್ಬರಿಗೆ ಹೇಳಿದೆವೇ ಹೊರತು, ಚಪ್ಪಾಳೆ ತಟ್ಟಿದ ಸಭೆಗೆ ಹೇಳುವ ಧೈರ್ಯ ಬರಲಿಲ್ಲ. ಕುರ್ಚಿಗಳನ್ನು ಹಿಂದಿರುಗಿಸಲೂ ಇಲ್ಲ. ಹಬ್ಬಕ್ಕೆ, ಮದುವೆಗೆ, ಉತ್ತರಕ್ರಿಯೆಗೆ ಅವು ಬಳಕೆಯಾದವು. ಅವುಗಳ ಮೇಲೆ ನಾವೂ ಕುಳಿತೆವು.

ಪ್ರವಾದಿ ಯೆಜೆಕಿಯೇಲನ ಗ್ರಂಥದ 33ನೆಯ ಅಧ್ಯಾಯದಲ್ಲಿ ಕಾವಲುಗಾರನ ದೃಷ್ಟಾಂತವಿದೆ. ಖಡ್ಗ ಬರುವುದನ್ನು ಕಂಡೂ ಕಹಳೆ ಊದದಿದ್ದ ಕಾವಲುಗಾರನಿಂದ ದೇವರು ಲೆಕ್ಕ ಕೇಳುವರೆಂದು ಅಲ್ಲಿ ಹೇಳಿದೆ. ಕಹಳೆಯ ಬಾಯಿಗೇ ಕುರ್ಚಿ ಅಡ್ಡವಿಟ್ಟುಕೊಂಡ ಕಾವಲುಗಾರನ ಗತಿಯೇನು? ಬಡವರು ಮತ ಮಾರುತ್ತಾರೆಂದು ಸುಲಭವಾಗಿ ಹೇಳುತ್ತೇವೆ. ಐದು ವರ್ಷ ಯಾವ ಯೋಜನೆಯೂ ತಲಪದ ಮನೆಗೆ ಒಂದು ರಾತ್ರಿ ಐನೂರು ರೂಪಾಯಿ ಬಂದರೆ, ಅದನ್ನು ತಳ್ಳುವುದು ಎಷ್ಟು ಕಷ್ಟವೆಂದು ಹಸಿವರಿಯದವರು ತೂಗಲಾರರು. ಕಾನೂನು ಕೊಡುವವನನ್ನೂ ಪಡೆಯುವವನನ್ನೂ ಅಪರಾಧಿಗಳೆಂದೇ ಎಣಿಸುತ್ತದೆ. ಆದರೆ ದೇವರ ತಕ್ಕಡಿಯಲ್ಲಿ ಕೊಡುವವನ ತೂಕ ಹೆಚ್ಚು. ನೋಡಿಯೂ ಸುಮ್ಮನಿದ್ದ ನಮ್ಮಂಥವರ ತೂಕವೂ ಕಡಿಮೆಯಲ್ಲ.

ರಾಜಕೀಯವೂ ಧರ್ಮವೂ

ಗುರುಗಳಿಗೇಕೆ ರಾಜಕೀಯ ಎಂದು ಕೆಲವರು ಆಕ್ಷೇಪಿಸಬಹುದು. ಇಂಥವರಿಗೆ ಮತ ಹಾಕಿರೆಂದು ನಾವು ಎಂದೂ ಹೇಳಕೂಡದು. ಧರ್ಮಸಭೆಯ ನಿಯಮ ಗುರುಗಳನ್ನು ಪಕ್ಷ ರಾಜಕೀಯದಿಂದ ದೂರವಿಡುತ್ತದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ದೇಶದ ಕಾನೂನಿಗೂ ವಿರುದ್ಧ. ಆದರೆ ಸರ್ವರ ಒಳಿತಿಗಾಗಿ ಮತವನ್ನು ಸ್ವತಂತ್ರವಾಗಿ ಚಲಾಯಿಸುವುದು ಹಕ್ಕು ಮಾತ್ರವಲ್ಲದೆ ಕರ್ತವ್ಯವೂ ಹೌದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರು ನಮ್ಮ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲಿಯೂ ಇದ್ದರು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳಿರಬೇಕೆಂಬ ವಿಚಾರವನ್ನು ಕೈಬಿಟ್ಟಾಗ ಕ್ರೈಸ್ತ ನಾಯಕರು ಅದನ್ನು ಒಪ್ಪಿದರು. ನೆರೆಹೊರೆಯವರ ನ್ಯಾಯಬುದ್ಧಿಯನ್ನೂ ಪ್ರಾಮಾಣಿಕ ಚುನಾವಣೆಯನ್ನೂ ನಂಬಿ ಅವರು ಆ ಹೆಜ್ಜೆ ಇಟ್ಟರು. ಆ ನಂಬಿಕೆಯನ್ನು ಉಳಿಸುವ ಹೊಣೆ ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಮೇಲಿದೆ.

ನಮ್ಮಿಂದಾಗುವುದು

ಮೊದಲನೆಯದಾಗಿ, ಪ್ರತಿ ಕುಟುಂಬವೂ ಮತದಾರರ ಪಟ್ಟಿಯನ್ನು ನೋಡಲಿ. ಮೊದಲ ಮಹಾಚುನಾವಣೆಯ ಪಟ್ಟಿ ತಯಾರಿಸುವಾಗ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರಿಂದ ಅವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಜ್ಞಾನಸ್ನಾನದಲ್ಲಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುವ ಸಮುದಾಯ ನಮ್ಮದು. ಒಂದು ಹೆಸರು ತಪ್ಪಿಹೋಗುವುದರ ಅರ್ಥ ನಮಗೆ ತಿಳಿದಿರಬೇಕು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರುಗಳನ್ನು ತೆಗೆಯಬೇಕೆಂದು ಬಂದ 6,018 ಅರ್ಜಿಗಳಲ್ಲಿ, ಪರಿಶೀಲನೆಯ ನಂತರ ಸರಿಯೆಂದು ಕಂಡದ್ದು 24 ಮಾತ್ರ. ಸ್ಥಳದಲ್ಲಿ ವಿಚಾರಿಸಿದ್ದರಿಂದ ಅದು ಹೊರಬಂತು. ಹೆಸರು ಸೇರಿಸಲು ನಮೂನೆ 6, ತಿದ್ದಲು ನಮೂನೆ 8. ವರ್ಗವಾಗಿ ಬರುವ ಧರ್ಮಭಗಿನಿಯರೂ, ಮದುವೆಯಾಗಿ ಬಂದ ಸೊಸೆಯಂದಿರೂ ಇದನ್ನು ಮರೆಯಬಾರದು.

ಎರಡನೆಯದಾಗಿ, ನಮ್ಮ ಯುವಕ ಯುವತಿಯರು ತಾವು ಒಪ್ಪುವ ಪಕ್ಷದ ಮತಗಟ್ಟೆ ಏಜೆಂಟರಾಗಿ ಕೂರಲಿ. ಬೆಳಿಗ್ಗೆ ಅಣಕು ಮತದಾನ ನೋಡುವುದು, ಸಂಜೆ ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17-ಸಿಯ ಪ್ರತಿಯನ್ನು ಕೇಳಿ ಪಡೆಯುವುದು ಏಜೆಂಟನ ಹಕ್ಕು. ಸಾಲು ಕರಗಿದ ಮೇಲೂ ಕಣ್ಣು ತೆರೆದಿರುವುದೆಂದರೆ ಇದೇ. ಆಮಿಷ ಒಡ್ಡುವುದನ್ನು ಕಂಡರೆ ಆಯೋಗದ ಸಿ-ವಿಜಿಲ್ ಎಂಬ ಮೊಬೈಲ್ ವ್ಯವಸ್ಥೆಯ ಮೂಲಕ ದೂರು ಕೊಡಬಹುದು.

ಮೂರನೆಯದಾಗಿ, ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದ ದಿನದವರೆಗೆ ಯಾವ ಧರ್ಮಕೇಂದ್ರವೂ, ಸಂಘವೂ, ಶಾಲೆಯೂ ಅಭ್ಯರ್ಥಿಗಳಿಂದ ದಾನ ಪಡೆಯಬಾರದು. ಕುರ್ಚಿಯಾಗಲಿ, ಕೊಳವೆಬಾವಿಯಾಗಲಿ, ಗಂಟೆಯಾಗಲಿ ಬೇಡ. ಧರ್ಮಕೇಂದ್ರ ಪಾಲನಾ ಸಮಿತಿಗಳು ಇದನ್ನು ಠರಾವಾಗಿ ಬರೆದಿಡಲಿ. ನಾವೀಗ ಇರುವ ಕಡೆ ಹಾಗೆ ಬರೆದಿಟ್ಟಿದ್ದೇವೆ. ನೆಲದ ಮೇಲೆ ಕುಳಿತು ಸಭೆ ನಡೆಸಿದರೆ ಶುಭಸಂದೇಶಕ್ಕೆ ಕುಂದು ಬಾರದು.

ಪ್ರವಾದಿ ಸಮುವೇಲನು ಮುದುಕನಾದಾಗ ಇಸ್ರಯೇಲರನ್ನೆಲ್ಲ ಸೇರಿಸಿ, ತಾನು ಯಾರ ಎತ್ತನ್ನಾದರೂ ಕಸಿದಿದ್ದರೆ, ಯಾರಿಂದಲಾದರೂ ಲಂಚ ಪಡೆದು ಕಣ್ಣು ಮುಚ್ಚಿಕೊಂಡಿದ್ದರೆ ಈಗ ಹೇಳಿರೆಂದು ಕೇಳಿಕೊಂಡನು. ಅವರು ಏನೂ ಇಲ್ಲವೆಂದರು. ಹೀಗೆ ಜನರ ಮುಂದೆ ನಿಂತು ಕೇಳುವ ನಾಯಕರು ಬೇಕೆಂದು ನಾವು ಬಯಸುತ್ತೇವೆ. ಹಾಗೆ ಕೇಳಿದಾಗ ನಿಜವನ್ನು ಹೇಳಬಲ್ಲ ಜನರೂ ಬೇಕು. ಲಂಚದಲ್ಲಿ ಪಾಲು ಪಡೆದವರಿಗೆ ಆ ಬಾಯಿ ಇರುವುದಿಲ್ಲ.

ಮುಂದಿನ ಚುನಾವಣೆಗೆ ನಮ್ಮ ಜಿಲ್ಲೆಗೆ ವಿದೇಶಿ ಅತಿಥಿಗಳು ಬಂದರೆ ಸಂತೋಷದಿಂದ ಸ್ವಾಗತಿಸೋಣ. ಅವರು ನಮ್ಮ ಬೆರಳಿನ ಮೇಲಿರುವ ಮೈಸೂರಿನ ಶಾಯಿಯನ್ನು ನೋಡುವರು. ಆ ಬೆರಳು ಹಿಂದಿನ ರಾತ್ರಿ ಏನನ್ನು ಮುಟ್ಟಿತ್ತೆಂಬುದನ್ನು ನಾವೂ ದೇವರೂ ಮಾತ್ರ ಬಲ್ಲೆವು. 1939ರಲ್ಲಿ ತುರುವನೂರಿನವರು ಈಚಲು ಮರಗಳಿಗೆ ಕೊಡಲಿ ಹಾಕಿದರು. ಇಂದು ಆ ಮರ ನಮ್ಮ ಮನೆಯ ಬಾಗಿಲಿಗೇ ಬಾಟಲಿಯಾಗಿ ಬರುತ್ತಿದೆ. ಬಾಗಿಲು ಮುಚ್ಚುವ ಸ್ವಾತಂತ್ರ್ಯ ನಮಗಿದೆ. ಅದಕ್ಕೆ ಬೇಕಾದ ಧೈರ್ಯವನ್ನು ಪ್ರಭು ನಮಗೆಲ್ಲರಿಗೂ, ಮೊದಲು ನಿಮ್ಮ ಈ ಗುರುವಿಗೆ, ಅನುಗ್ರಹಿಸಲಿ.